ಹೊಸಿಲು ದಾಟದ ಸಾಕ್ಷಿ

ಪೇಟೆ ಬೀದಿಯ ದೊಡ್ಡ ಮನೆಯಲ್ಲಿ ಒಬ್ಬಳು ಸಾಹುಕಾರ್ತಿ ಇದ್ದಳು, ತಾಯಂದಿರೇ. ಕೊಡುವ ಕೈ ಅವಳದು. ಗೌರಿ ಹಬ್ಬಕ್ಕೆ ಅವಳಿಂದ ಬಾಗಿನ ಪಡೆಯದ ಮುತ್ತೈದೆ ಆ ಬೀದಿಯಲ್ಲೇ ಇರಲಿಲ್ಲ.

ಎದುರುಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಗಂಡನ ಜೊತೆ ಬೇರೆ ದೇಶದಿಂದ ಬಂದು ನೆಲೆಸಿ ಹನ್ನೆರಡು ವರ್ಷ ದಾಟಿತ್ತು. ಈ ದೇಶದ ಪ್ರಜೆಯಾಗಲು ಅರ್ಜಿ ಹಾಕಿದಳು. ನೋಡಿ, ಅದಕ್ಕೆ ಇಷ್ಟು ವರ್ಷ ಇದ್ದರೆ ಸಾಲದು, ಭಾಷೆ ಬಂದರೆ ಸಾಲದು. 'ಇವಳನ್ನು ಬಲ್ಲೆವು, ಒಳ್ಳೆಯವಳು' ಎಂದು ಇಲ್ಲಿಯವರೇ ಸಾಕ್ಷಿ ಹೇಳಬೇಕು.

"ಅಕ್ಕಾ, ನೀವು ಹೇಳ್ತೀರಾ?"

"ಅಯ್ಯೋ, ಅದಕ್ಕೇನು! ನೀನು ನಮ್ಮನೆಯವಳೇ ಅಲ್ವೇನೇ?" ಅಂದಳು ಸಾಹುಕಾರ್ತಿ.

ವಿಚಾರಣೆಗೆ ಅಧಿಕಾರಿ ಬಂದ. "ಆಕೆ ಹೇಗಮ್ಮಾ?"

"ನಮ್ಮನೆಗೆ ಬಂದಾಗ ಬಹಳ ಮರ್ಯಾದೆಯಿಂದ ಇರ್ತಾಳೆ."

"ಸರಿ. ನೀವು ಅವರ ಮನೆಗೆ ಹೋದಾಗ?"

ಸಾಹುಕಾರ್ತಿ ಎದುರುಮನೆಯ ಬಾಗಿಲ ಕಡೆ ನೋಡಿದಳು. ವರ್ಷವರ್ಷವೂ ಹಬ್ಬಕ್ಕೆ ಕರೆಯಲು ಹೋಗಿದ್ದಳು. ಹೊಸಿಲಿನಾಚೆ ನಿಂತೇ ಕುಂಕುಮ ಕೊಟ್ಟು ಬಂದಿದ್ದಳು.

"ನಾಳೆ ಬರ್ತೀನಿ," ಅಂದ ಅಧಿಕಾರಿ. "ಬಲ್ಲೆ ಅಂತಾದ್ರೆ ಹೇಳಿ. ಇಲ್ಲಾಂದ್ರೆ ನಿಮ್ಮ ಸಾಕ್ಷಿ ಅರ್ಜಿಗೆ ನಿಲ್ಲಲ್ಲ."

ಅವಳಿಗೆ ಮೊದಲು ಸಿಟ್ಟು ಬಂತು. ಆಮೇಲೆ ಏನು ಬಂತು, ಹೇಳಿ? ಕುತೂಹಲ! ದಿನಾ ಕಾಣುವ ಆ ಬಾಗಿಲ ಹಿಂದೆ ಏನಿದೆ? ಅಲ್ಲಿ ಏನು ಅಡುಗೆ, ಯಾವ ಮಾತು, ಯಾವ ದೇವರು? ಇಷ್ಟು ವರ್ಷ ಇದು ತನಗೆ ಹೊಳೆಯಲೇ ಇಲ್ಲವಲ್ಲ! ಸಂಜೆ ಬೀದಿ ದಾಟಿದಳು.

"ಬನ್ನಿ ಅಕ್ಕಾ, ಯಾವ ಹಬ್ಬಕ್ಕೆ ಕರೆಯೋಕೆ ಬಂದ್ರಿ?"

"ಹಬ್ಬ ಇಲ್ಲ ಕಣೇ. ಸುಮ್ನೆ ಕೂತ್ಕೊಳ್ಳೋಕೆ ಬಂದೆ."

ಒಳಗೆ ಗೋಡೆಯ ಮೇಲೆ ಹಾರ ಹಾಕಿದ ಮುದುಕಿಯ ಫೋಟೊ.

"ಯಾರೇ ಇವರು?"

"ಅಮ್ಮ. ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ ಸುದ್ದಿ ಬಂತು. ಹೋಗೋಕಾಗ್ಲಿಲ್ಲ. ಅರ್ಜಿಗೆ ಮೊದಲು ಒಂದು ವರ್ಷ ದೇಶ ಬಿಡೋ ಹಾಗಿರ್ಲಿಲ್ಲ."

ಸಾಹುಕಾರ್ತಿಗೆ ಆ ಹಬ್ಬ ನೆನಪಾಯಿತು. ಆ ಗೌರಿಗೆ ಇವಳು ಬಂದಿರಲಿಲ್ಲ. ಬಾಗಿನ ಹಾಗೇ ಉಳಿದಿತ್ತು. 'ಎಷ್ಟು ಮಾಡಿದರೂ ಹೊರಗಿನವರು ಹೊರಗಿನವರೇ, ಜಂಬ ನೋಡಿ' ಎಂದು ತಾನೇ ಎಲ್ಲರೆದುರು ಆಡಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಸೂತಕದವಳು ಗೌರಿ ಮುಂದೆ ಹೇಗೆ ಬರ್ಲಿ ಅಕ್ಕಾ? ಆಮೇಲೆ... ನೀವು ಕೇಳ್ಲಿಲ್ಲ."

ಕೇಳಿದಿರಾ? ನಮ್ಮ ಹಬ್ಬಕ್ಕೆ ಮೈಲಿಗೆಯಾದೀತೆಂದು ಒಬ್ಬಳೇ ಕೂತು ಅತ್ತವಳು ಹೊರಗಿನವಳೇ?

ಮರುದಿನ ಅಧಿಕಾರಿ ಬಂದಾಗ ಸಾಹುಕಾರ್ತಿ ಹೇಳಿದಳು: "ಬಲ್ಲೆ. ನಿನ್ನೆ ಸಂಜೆಯಿಂದ ಬಲ್ಲೆ."

ಅಧಿಕಾರಿ ನಕ್ಕ. ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡ. ಅರ್ಜಿ ಮುಂದೆ ಹೋಯಿತು.

ಈಗ ನಿಮ್ಮನ್ನು ಕೇಳುತ್ತೇನೆ. ಆ ಹೊಲಿಗೆಯವಳ ಅರ್ಹತೆಯನ್ನು ಸರಕಾರ ನೋಡಿಕೊಳ್ಳುತ್ತದೆ, ಬಿಡಿ. ಸಾಕ್ಷಿ ಹೇಳುವ ಅರ್ಹತೆ ನಮಗಿದೆಯೇ? ಕೊಟ್ಟೆವು, ಕೊಟ್ಟೆವು ಅನ್ನುತ್ತೇವೆ. ಯಾರನ್ನು ಬಲ್ಲೆವು?

ಈ ವಾರ ಇದುವರೆಗೆ ಒಳಗೆ ಕಾಲಿಡದ ಒಂದು ಮನೆಗೆ ಹೋಗಿ. ಕೊಡಲು ಹೋಗಬೇಡಿ, ಕರೆಯಲು ಹೋಗಬೇಡಿ. ಕೂತುಕೊಳ್ಳಿ. ಕಾಫಿ ಕೊಟ್ಟರೆ 'ಈಗ ತಾನೇ ಆಯ್ತು' ಅನ್ನದೆ ಕುಡಿಯಿರಿ. 'ನಿಮ್ಮ ತಾಯಿ ಹೇಗಿದ್ದಾರೆ?' ಎಂದು ಕೇಳಿ. ಕೇಳಿದ ಮೇಲೆ, ಉತ್ತರ ಮುಗಿಯುವ ತನಕ ಏಳಬೇಡಿ.