ಎಡಕ್ಕೆ ಹತ್ತಿದ ಡಿಎನ್‌ಎ

ಅರಸೀಕೆರೆಯಲ್ಲಿ ಬಾಣಾವರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ತೆಂಗಿನ ನಾರಿನ ಹಗ್ಗದ ಸುರುಳಿ ಹಿಡಿದ ಮುದುಕಿ, ಜೊತೆಗೆ ಆಕೆಯ ತಂಗಿಯ ಮಗಳು. ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಡಂ ಎಂದು ಮಾತಿನಿಂದಲೇ ತಿಳಿಯಿತು. ಎದುರಿನ ಸರ್ಕಲ್ಲಿನಲ್ಲಿ ಹೊಸ ಶಿಲ್ಪ ನಿಂತಿತ್ತು.

"ಅದೇನೇ ದಿವ್ಯಾ, ಕಲ್ಲಲ್ಲಿ ಹಗ್ಗ ಕೆತ್ತಿ ನಿಲ್ಸವ್ರೆ?"

"ಹಗ್ಗ ಅಲ್ಲ ದೊಡ್ಡಮ್ಮ, ಡಿಎನ್‌ಎ. ನಮ್ಮ ಮೂಗು, ಬಣ್ಣ ಎಲ್ಲಾ ಅಪ್ಪ ಅಮ್ಮನಿಂದ ಬರೋದು ಅದ್ರಿಂದ್ಲೇ. ನಿಂಗೆ ಗೊತ್ತಾಗಲ್ಲ ಬಿಡು."

"ನಿಮ್ ಪುಸ್ತಕದಾಗೆ ಅದರ ಹುರಿ ಯಾವ ಕಡೆಗೆ ಹತ್ತುತ್ತೆ?"

"ಬಲಕ್ಕೆ."

"ಇಲ್ಲಿ ಎಡಕ್ಕೆ ಹತ್ತೈತಲ್ಲೇ."

ದಿವ್ಯಾ ಮೊಬೈಲಿನಲ್ಲಿ ಚಿತ್ರ ತೆಗೆದು ನೋಡಿದರು. ಶಿಲ್ಪವನ್ನು ನೋಡಿದರು. ಮತ್ತೆ ಚಿತ್ರ ನೋಡಿದರು.

"ಶಿಲ್ಪದ ಕಮಿಟಿಲಿ ನಾನೂ ಸೇರಿ ಆರು ಜನ ನೋಡಿ ಒಪ್ಪಿದ್ವಿ. ಮೂರು ಜನ ಡಾಕ್ಟರೇಟ್ ಮಾಡ್ದೋರು."

"ಒಬ್ರಾದ್ರೂ ಹಗ್ಗ ಹೊಸೆದೋರಿದ್ರಾ?"

"ನಾಳೆ ಉದ್ಘಾಟನೆಗೆ ಮಿನಿಸ್ಟ್ರು ಬರ್ತಾರೆ. ಯಾರಿಗೂ ಹೇಳ್ಬೇಡ ದೊಡ್ಡಮ್ಮ."

ದೊಡ್ಡಮ್ಮನ ಕಣಕಟ್ಟೆ ಬಸ್ಸು ಬಂತು. ಮುದುಕಿ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತಿದರು.

"ಹೆದರ್ಬೇಡ ಕಣೇ. ಬರೋರೆಲ್ಲ ನಿನ್ನಂಗೆ ಓದ್ದೋರೇ ಅಲ್ವಾ? ಯಾರಿಗೂ ಗೊತ್ತಾಗಲ್ಲ ಬಿಡು."