ಕಣಿವೆಯತ್ತ ತಿರುಗಿದ ಲೈಟು

ಗಾಡಿಗಳ ಎಲೆಕ್ಟ್ರಿಕ್ ಅಂಗಡಿಯಲ್ಲಿ ಬ್ಯಾಟರಿ ಚಾರ್ಜಿಗೆ ಕೊಟ್ಟು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದ ಲಾರಿ ಡ್ರೈವರನ ಕಿವಿಗೆ, ಪಕ್ಕದ ಜೀಪಿನ ಬಳಿಯ ಮಾತು ಬಿತ್ತು.

“ಅಣ್ಣಾ, ಟಾಪ್ ಮೇಲಿನ ಲೈಟನ್ನ ಯಾವ ಪುಣ್ಯಾತ್ಮ ಹೀಗೆ ಓರೆಯಾಗಿ ಕೂರಿಸಿದ್ದು? ರಸ್ತೆ ಬಿಟ್ಟು ಕಣಿವೆ ತೋರಿಸುತ್ತೆ!” ಎಲೆಕ್ಟ್ರಿಷಿಯನ್ ನಕ್ಕ.

“ನಾನೇ ಕಣಪ್ಪ,” ಎಂದ ಜೀಪಿನ ಮಾಲೀಕ. “ನನ್ನ ತಮ್ಮ ಬೈಕ್ ಸಮೇತ ಕಣಿವೆಗೆ ಬಿದ್ದಿದ್ದ. ಹುಡುಕೋಕೆ ಬೆಳಕು ಬೇಕಿತ್ತು.”

ಎಲೆಕ್ಟ್ರಿಷಿಯನ್ ನಾಲಿಗೆ ಕಚ್ಚಿಕೊಂಡ.

“ವೈರನ್ನೂ ನೇರ ಬ್ಯಾಟರಿಗೇ ಕೊಟ್ಟಿದ್ದೀರಲ್ಲ?”

“ಎಂಜಿನ್ ಆಫ್ ಮಾಡಿದ್ರೂ ಲೈಟು ಉರೀಲಿ ಅಂತ. ಅವನು ಕೂಗಿದ್ರೆ ಕೇಳಿಸ್ಬೇಕಲ್ಲ.”

“ಕೇಳಿಸ್ತಾ?”

“ಇಲ್ಲ. ಬೆಳಗಾದ ಮೇಲೆ ಸಿಕ್ಕ. ಮೈ ತಣ್ಣಗಾಗಿತ್ತು. ಲೈಟು ನೇರ ಮಾಡಿಬಿಡು.”

ಕೀ ಗಾಡಿಯಲ್ಲೇ ಇತ್ತು. ಆದರೂ ಇಬ್ಬರೂ ಎಂಜಿನ್ ಸ್ಟಾರ್ಟ್ ಮಾಡದೆ, ಜೀಪನ್ನು ಸದ್ದಿಲ್ಲದೆ ಅಂಗಡಿಯೊಳಕ್ಕೆ ತಳ್ಳಿಕೊಂಡು ಹೋದರು.