ತುರುಬಿನೊಳಗಿನ ಮೊಳೆ

ನಾನಲ್ಲ ಕಣವ್ವ! ಅಂಗ್ಯಾಕೆ ನೋಡ್ತೀಯ? ಸೊಸೆ ತುರುಬಿನಲ್ಲಿ ಕಬ್ಬಿಣದ ಮೊಳೆ ಸಿಕ್ಕಿದ್ರೆ ಅತ್ತೇನೇ ಇಟ್ಟಿರಬೇಕಾ? ಬೆಟ್ಟದಪುರದಿಂದ ಮೈಸೂರಿನ ಈ ಆಸ್ಪತ್ರೆಗೆ ದಿನಾ ಆ ಹಳೇ ಬಸ್ಸು... ಅದರದೇ ಕಳಚಿ ಬಿದ್ದಿರುತ್ತೆ.

ಏನು, ತುಟಿ ಅಲ್ಲಾಡ್ತಾ? ನಕ್ಕೆಯಾ? ಆಕಳಿಕೆ ಅನ್ನಬೇಡ, ಒಪ್ಪಲ್ಲ. ಎಂಟು ತಿಂಗಳಾದ ಮೇಲೆ ಬಂದಿದೆ, ನಗು ಅಂತಲೇ ನಿನ್ನ ಗಂಡನಿಗೆ ಹೇಳ್ತೀನಿ.

ಆ ನರ್ಸು ಹುಡುಗಿ! 'ತಲೇಲಿ ಕಬ್ಬಿಣ ಇದ್ರೆ ಮಿಷನ್ ಹಾಕಂಗಿಲ್ಲ ಪುಟ್ಟಮಾದಮ್ಮ' ಅಂತ ನಿನ್ನ ಬುಟ್ಟು ನನ್ನೇ ನೋಡಿದ್ಲು. ನಿನ್ನ ಓಲೆ, ಪಿನ್ನು ಎಲ್ಲಾ ಬಿಚ್ಚಿ ಸೆರಗಿಗೆ ಕಟ್ಕೊಂಡು ಕೂತಿರೋಳು, ಮೊಳೆ ಇಡ್ತೀನಾ?

ಅಯ್ಯೋ, ತಲೆ ಯಾಕೆ ಆಡಿಸ್ತೀಯ? ಒಳಕ್ಕೆ ಹೋಗಲ್ವಾ? ಅದೊಂದು ಬೇಡ ಕಣ್ಮಗ! ಖಿನ್ನತೆಗೆ ಅಂತ ಕೊಟ್ಟ ಮಾತ್ರೆ ಒಂದೂ ಹತ್ತಲಿಲ್ಲ. ಇನ್ನು ಇದೇ. ಇವತ್ತು ನಾಕನೇ ದಿನ, ಇಪ್ಪತ್ತು ದಿನ ಕೂರಬೇಕು. ಏನು ಮಹಾ? ಟಕಟಕಟಕ... ಮರಕುಟುಕ ತಲೆ ಮೇಲೆ ಕೂತಂಗೆ. ಡಾಕ್ಟರು, ಮಿಷನ್ನಿನ ಅಯಸ್ಕಾಂತ ಮಂಕಾದ ಮಿದುಳನ್ನ ಎಬ್ಬಿಸುತ್ತೆ ಅಂತ ಏನೇನೋ ಅಂದ್ರು. ನಂಗೆ ಹೊಗೆಸೊಪ್ಪು ಒಣಗಿಸೋ ನಮ್ಮ ಬ್ಯಾರನ್ ನೆನಪಾಯ್ತು. ಒಲೆ ಮಂಕಾದ್ರೆ ಒಳಗಿರೋ ಹೊಗೆಸೊಪ್ಪಿಗೆ ಬೈತೀವಾ? ಒಲೆ ಕೆದಕ್ತೀವಿ. ಅಷ್ಟೇಯ!

ಮೊಳೆ ಆ ಪಕ್ಕದ ಮನೆ ಸೋಮಮ್ಮಂದೇ ಇರಬೇಕು ಬುಡು. ದೆವ್ವದ ಗಾಳಿ ಸೋಕಿದೆ, ಕಬ್ಬಿಣ ಸಿಕ್ಕಿಸು ಅಂತಿದ್ಲು. ಅವಳೇ ಬಂದು, ನೀನು ಮಲಗಿದ್ದಾಗ...

ಬ್ಯಾಗಿನಲ್ಲಿರೋ ಬಾಚಣಿಗೆ ಯಾಕೆ ನೋಡ್ತೀಯ?

ಊಂ. ತಲೆ ಬಾಚಿದ್ದು ನಾನೇ. ದಿನಾ ನಾನೇ. ನಿನ್ನ ಕೈ ಮೇಲಕ್ಕೆ ಏಳಲ್ವಲ್ಲ...

ಮಾತಾಡು. ಬೈಯೋದಾದ್ರೂ ಬೈಯವ್ವ.

ಆಯ್ತು... ನಾನೇ. ಆ ಮೊಳೆ ನಂದೇ. ನಿನ್ನ ಗಂಡ ಹುಟ್ಟಿದ ವರ್ಷ ನಾನೂ ನಿನ್ನಂಗೇ ಗೋಡೆ ಕಡೆ ತಿರುಗಿ ಮಲಗಿದ್ದೆ. ಮಗು ಅತ್ರೂ ಏಳ್ತಿರಲಿಲ್ಲ. ನಮ್ಮವ್ವ ಇದನ್ನ ತಂದು ತುರುಬಿಗೆ ಸಿಕ್ಕಿಸಿದ್ಲು. ಆಗ ಇನ್ನೇನಿತ್ತು? ನಿನ್ನ ಮಾವನಿಗೂ ಹೇಳಿಲ್ಲ. ಮಿಷನ್ನೂ ಇರಲಿ, ಇದೂ ಇರಲಿ ಅಂತ ಇವತ್ತು ಬಾಚುವಾಗ ಸಿಕ್ಕಿಸಿದೆ... ಹೆದರಿದ್ದೆ ಕಣೇ.

ಸ್ಪಂದನಾ ಅಂತ ನಿನ್ನ ಕೂಗ್ತಾವ್ರೆ. ಹೋಗ್ತೀಯಾ?

ಏನು... ಕೈ ಎತ್ತಿ ನನ್ನ ತುರುಬು ತಡಕ್ತೀಯ? ನಂದರಲ್ಲೂ ಮೊಳೆ ಇದೆಯಾ ಅಂತಲಾ? ಇದ್ದಿದ್ದು ಅದೊಂದೇ ಕಣೇ! ನೋಡು. ಚೆನ್ನಾಗಿ ನೋಡ್ಕಂಡೇ ಒಳಕ್ಕೆ ಹೋಗು...